ಶರಾವತಿಯ ಮೇಲಿನ ಹಳಿ: ಇ. ಶ್ರೀಧರನ್ ಅವರ ಕೆಲಸ, ಮನೆ, ನಂಬಿಕೆ

(ಎಂಜಿನಿಯರುಗಳ ದಿನದಂದು ಹೊನ್ನಾವರದಲ್ಲಿ ನೀಡಿದ ದತ್ತಿ ಉಪನ್ಯಾಸ)



ಕಟ್ಟುವ ಕೆಲಸದಲ್ಲಿ ಬದುಕು ಸವೆಸಿಯೂ ಮನೆಯನ್ನು ಮರೆಯದ, ದೇವರನ್ನು ಬಿಡದ ಒಬ್ಬ ಸಿವಿಲ್ ಎಂಜಿನಿಯರರ ಬಗ್ಗೆ ಮಾತನಾಡಬೇಕು ಎಂದು ಈ ದತ್ತಿಯನ್ನು ಇಟ್ಟವರು ಕೇಳಿಕೊಂಡರು. ನಾನು ಇ. ಶ್ರೀಧರನ್ ಅವರನ್ನು ಆರಿಸಿಕೊಂಡೆ. ಅವರು ಹುಟ್ಟಿದ್ದು ಕೇರಳದ ಪಾಲಕ್ಕಾಡ್ ಸೀಮೆಯಲ್ಲಿ, ಹೆಸರು ಮಾಡಿದ್ದು ದೆಹಲಿಯಲ್ಲಿ. ಆದರೂ ಭಟ್ಕಳ, ಹೊನ್ನಾವರ, ಕುಮಟಾ ಎಂಬ ನಮ್ಮ ಮೂರು ತಾಲ್ಲೂಕುಗಳ ದಿನಚರಿಯನ್ನು ಅವರಷ್ಟು ಬದಲಿಸಿದ ಎಂಜಿನಿಯರ್ ಇನ್ನೊಬ್ಬರಿಲ್ಲ ಎಂದು ನನ್ನ ಅಭಿಪ್ರಾಯ. ಕುಮಟಾ, ಹೊನ್ನಾವರ, ಮಂಕಿ, ಮುರುಡೇಶ್ವರ, ಭಟ್ಕಳ ಎಂಬ ಹೆಸರುಗಳು ರೈಲ್ವೆಯ ವೇಳಾಪಟ್ಟಿಯಲ್ಲಿ ಒಂದರ ಕೆಳಗೊಂದು ಅಚ್ಚಾಗುವಂತೆ ಮಾಡಿದ ಕೆಲಸದ ಮುಂದಾಳು ಅವರು.

ಇಂದು ಸೆಪ್ಟೆಂಬರ್ 15, ವಿಶ್ವೇಶ್ವರಯ್ಯನವರ ಹುಟ್ಟುಹಬ್ಬ. 1990ರಲ್ಲಿ ಇದೇ ದಿನ ಮಹಾರಾಷ್ಟ್ರದ ರೋಹಾದಲ್ಲಿ ಕೊಂಕಣ ರೈಲಿಗೆ ಶಂಕುಸ್ಥಾಪನೆಯಾಯಿತು. ಆಗ ರೈಲ್ವೆ ಮಂತ್ರಿಯಾಗಿದ್ದವರು ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್. ಹಣಕಾಸು ಮಂತ್ರಿ ಕೊಂಕಣದ ರಾಜಾಪುರದಿಂದ ಆರಿಸಿ ಬಂದಿದ್ದ ಮಧು ದಂಡವತೆ. ಕರಾವಳಿಗೆ ರೈಲು ಬೇಕೆಂಬ ಹಳೆಯ ಕೂಗು ಬಲ್ಲ ಇಬ್ಬರು ಒಂದೇ ಸಮಯಕ್ಕೆ ಅಧಿಕಾರದಲ್ಲಿ ಇದ್ದದ್ದು ನಮ್ಮ ಭಾಗ್ಯ. ಆ ಕೂಗನ್ನು ಕೆಲಸವಾಗಿಸಬಲ್ಲವರು ಬೇಕಿತ್ತು. ರೈಲ್ವೆ ಮಂಡಳಿಯ ಎಂಜಿನಿಯರಿಂಗ್ ಸದಸ್ಯರಾಗಿದ್ದ ಶ್ರೀಧರನ್ ಆ ವರ್ಷದ ಜೂನ್‌ನಲ್ಲಿ ನಿವೃತ್ತರಾಗುವವರಿದ್ದರು. ಐವತ್ತೆಂಟು ತುಂಬಿದ ಅವರನ್ನು ಫರ್ನಾಂಡಿಸ್ ಮನೆಗೆ ಹೋಗಲು ಬಿಡಲಿಲ್ಲ. 1990ರ ಜುಲೈಯಲ್ಲಿ ಹುಟ್ಟಿದ ಕೊಂಕಣ ರೈಲ್ವೆ ನಿಗಮದ ಹೊಣೆ ಅವರ ಹೆಗಲಿಗೆ ಬಂತು.

ಅದಕ್ಕೂ ಮುಂಚಿನ ನಮ್ಮ ಕರಾವಳಿ ಇಲ್ಲಿರುವ ತರುಣರಿಗೆ ಗೊತ್ತಿಲ್ಲ. ರಸ್ತೆ ಸೇತುವೆ ಬರುವ ಮೊದಲು ಶರಾವತಿಯನ್ನು ತಾರಿಯಲ್ಲಿ ದಾಟುತ್ತಿದ್ದರು. ಸೇತುವೆ ಬಂದ ಮೇಲೂ ರೈಲು ಎಂಬುದು ಘಟ್ಟದ ಮೇಲಿನವರ ಸೊತ್ತಾಗಿಯೇ ಇತ್ತು. ಹೊನ್ನಾವರದವರು ರೈಲು ಕಾಣಬೇಕಾದರೆ ಗೇರುಸೊಪ್ಪೆ ಘಟ್ಟ ಹತ್ತಿ ತಾಳಗುಪ್ಪಕ್ಕೆ ಹೋಗಬೇಕು. ಕುಮಟಾದವರು ದೇವಿಮನೆ ಘಟ್ಟವನ್ನೋ ಅರಬೈಲು ಘಟ್ಟವನ್ನೋ ಹತ್ತಿ ಹುಬ್ಬಳ್ಳಿ ಸೇರಬೇಕು. ಭಟ್ಕಳದವರಿಗೆ ಮಂಗಳೂರೇ ಗತಿ. ಮುಂಬಯಿಯ ಹೋಟೆಲುಗಳಲ್ಲಿ ದುಡಿಯುತ್ತಿದ್ದ ನಮ್ಮ ಹುಡುಗರು ಊರಿಗೆ ಬರುತ್ತಿದ್ದದ್ದು ರಾತ್ರಿ ಬಸ್ಸಿನಲ್ಲಿ, ಮಡಿಲಲ್ಲಿ ಟ್ರಂಕು ಇಟ್ಟುಕೊಂಡು. ಮಂಗಳೂರಿನಿಂದ ಮುಂಬಯಿಗೆ ರೈಲಿನಲ್ಲೇ ಹೋಗುವುದಾದರೆ ದೇಶ ಸುತ್ತಿ 2,041 ಕಿಲೋಮೀಟರ್, 41 ತಾಸು. ಕರಾವಳಿಯ ಹಳಿ ಬಂದ ಮೇಲೆ ಅದು 914 ಕಿಲೋಮೀಟರಿಗೆ ಇಳಿಯಿತು, ಹದಿನೈದು ತಾಸಿನ ದಾರಿಯಾಯಿತು. ಈ ಅಂಕಿಗಳನ್ನು ಪುಸ್ತಕದಲ್ಲಿ ಓದುವುದು ಬೇರೆ. ಮಣಿಪಾಲಕ್ಕೋ ಮಂಗಳೂರಿಗೋ ರೋಗಿಯನ್ನು ಕರೆದುಕೊಂಡು ಹೋಗಬೇಕಾದ ಮನೆಯವರಿಗೆ ಅದರ ಅರ್ಥ ಬೇರೆ. ದೊಡ್ಡ ಆಸ್ಪತ್ರೆಗಾಗಿ ಇಂದಿಗೂ ಹಂಬಲಿಸುತ್ತಿರುವ ಜಿಲ್ಲೆ ನಮ್ಮದು. ಇಂಥ ಜಿಲ್ಲೆಗೆ ಬೆಳಗಿನ ಒಂದು ರೈಲು ಎಷ್ಟು ದೊಡ್ಡದು ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಶ್ರೀಧರನ್ ಅವರ ವಿಷಯಕ್ಕೆ ಬರುತ್ತೇನೆ. ಹುಟ್ಟಿದ್ದು 1932ರ ಜೂನ್ 12ರಂದು, ಕರುಕಪುತ್ತೂರು ಎಂಬ ಹಳ್ಳಿಯಲ್ಲಿ. ಓದಿದ ಪ್ರೌಢಶಾಲೆ ಪಾಲಕ್ಕಾಡಿನ ಬಾಸೆಲ್ ಮಿಷನ್ನಿನದು. ಕಿಟ್ಟೆಲರನ್ನು ನಮಗೆ ಕಳಿಸಿದ, ಮಂಗಳೂರಿಗೆ ಹೆಂಚಿನ ಕಾರ್ಖಾನೆ ಕೊಟ್ಟ ಅದೇ ಬಾಸೆಲ್ ಮಿಷನ್. ಮುಂದೆ ಚುನಾವಣಾ ಆಯೋಗವನ್ನು ನಡೆಸಿದ ಟಿ. ಎನ್. ಶೇಷನ್ ಅಲ್ಲಿ ಅವರ ಸಹಪಾಠಿ. ವಿಕ್ಟೋರಿಯಾ ಕಾಲೇಜಿನ ನಂತರ ಕಾಕಿನಾಡದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ಪದವಿ. ಕೋಳಿಕ್ಕೋಡಿನ ಪಾಲಿಟೆಕ್ನಿಕ್ಕಿನಲ್ಲಿ ಸ್ವಲ್ಪ ದಿನ ಪಾಠ ಹೇಳಿದರು, ಮುಂಬಯಿ ಬಂದರಿನಲ್ಲಿ ಕೆಲಸ ಕಲಿತರು, 1954ರ ಕೊನೆಗೆ ದಕ್ಷಿಣ ರೈಲ್ವೆಯಲ್ಲಿ ಸಹಾಯಕ ಎಂಜಿನಿಯರಾಗಿ ಸೇರಿದರು.

ಹತ್ತು ವರ್ಷದ ನಂತರ ಪಾಂಬನ್. 1964ರ ಡಿಸೆಂಬರ್ 22ರ ರಾತ್ರಿ ಬೀಸಿದ ಚಂಡಮಾರುತ ರಾಮೇಶ್ವರದ ಕಡೆ ಸಮುದ್ರವನ್ನೇ ಊರಿನ ಮೇಲೆ ತಂದಿತು. ಧನುಷ್ಕೋಡಿಯತ್ತ ಹೊರಟಿದ್ದ ಪ್ಯಾಸೆಂಜರ್ ರೈಲು ಜನರ ಸಮೇತ ಕೊಚ್ಚಿಹೋಯಿತು. 1914ರಿಂದ ಸಮುದ್ರದ ಮೇಲೆ ನಿಂತಿದ್ದ ಪಾಂಬನ್ ಸೇತುವೆಯ ಹೆಚ್ಚಿನ ಗರ್ಡರುಗಳು ಮುರಿದು ನೀರುಪಾಲಾದವು, ಕಂಬಗಳು ಉಳಿದವು. ಆರು ತಿಂಗಳಲ್ಲಿ ಸರಿಪಡಿಸಬೇಕು ಎಂದು ರೈಲ್ವೆ ಗುರಿ ಇಟ್ಟಿತು. ಮೇಲಧಿಕಾರಿ ಅದನ್ನು ಮೂರು ತಿಂಗಳಿಗೆ ಇಳಿಸಿದರು. ಕೆಲಸ ವಹಿಸಿಕೊಂಡ ಮೂವತ್ತೆರಡರ ತರುಣ ನಲವತ್ತಾರು ದಿನಗಳಲ್ಲಿ ರೈಲು ಓಡಿಸಿದರು. ಹೊಸ ಗರ್ಡರಿಗೆ ಕಾಯುತ್ತ ಕೂರದೆ, ಬಿದ್ದವನ್ನೇ ನೀರಿನಿಂದ ಎತ್ತಿಸಿ ಮತ್ತೆ ಕೂರಿಸಿದ್ದು ಆ ವೇಗದ ಗುಟ್ಟು. ಅಲ್ಲಿನ ಮೀನುಗಾರರಿಗೆ ಸಮುದ್ರದ ತಳ ಗೊತ್ತಿತ್ತು. ಅವರಿಗೆ ಗೊತ್ತಿದ್ದುದನ್ನು ಕೇಳಿಸಿಕೊಳ್ಳುವ ವಿನಯ ಎಂಜಿನಿಯರಿಗಿತ್ತು. ಇದು ದೊಡ್ಡ ಗುಣ. ಕಾಸರಕೋಡು, ಮಂಕಿ, ಭಟ್ಕಳದ ಬಂದರುಗಳಲ್ಲಿ ಇಂದು ಜೆಟ್ಟಿ, ಅಲೆತಡೆಗೋಡೆಗಳ ನಕ್ಷೆ ಬರೆಯುವವರು ಇದನ್ನು ಗಮನಿಸಬೇಕು. ಮರಳು ಯಾವ ತಿಂಗಳಲ್ಲಿ ಎಲ್ಲಿ ಕೂರುತ್ತದೆ ಎಂಬುದು ನಮ್ಮ ಖಾರ್ವಿಗಳಿಗೆ, ಮೊಗೇರರಿಗೆ, ಅಂಬಿಗರಿಗೆ ತಲೆಮಾರುಗಳಿಂದ ಗೊತ್ತು.

ಒಂದು ಸಂಗತಿ ನನಗೆ ಬಹಳ ಇಷ್ಟ. ಪಾಂಬನ್ ಸೇತುವೆಯ ಉದ್ದ ಎರಡು ಕಿಲೋಮೀಟರಿಗಿಂತ ತುಸು ಹೆಚ್ಚು. ಹೊನ್ನಾವರದಲ್ಲಿ ಶರಾವತಿಯ ಮೇಲಿರುವ ರೈಲು ಸೇತುವೆಯ ಉದ್ದ 2,065.8 ಮೀಟರ್. ಎರಡೂ ಹೆಚ್ಚುಕಡಿಮೆ ಒಂದೇ. ಕೊಂಕಣ ರೈಲಿನ ಸುಮಾರು ಎರಡು ಸಾವಿರ ಸೇತುವೆಗಳಲ್ಲಿ ಎಲ್ಲಕ್ಕಿಂತ ಉದ್ದವಾದದ್ದು ನಮ್ಮದು. ಸಮುದ್ರದ ಮೇಲೆ ಮುರಿದುಬಿದ್ದ ಸೇತುವೆಯನ್ನು ಎಬ್ಬಿಸಿ ಕೆಲಸ ಕಲಿತವರ ಕೈಕೆಳಗೆ, ಅಷ್ಟೇ ಉದ್ದದ ಸೇತುವೆ ಮೂರು ದಶಕದ ನಂತರ ನಮ್ಮ ಅಳಿವೆಯ ಮೇಲೆ ಎದ್ದಿತು. ಅಳಿವೆಯ ಹೊಳೆಯಲ್ಲಿ ಪಾಯ ಹಾಕುವುದು ಸುಲಭವಲ್ಲ. ದಿನಕ್ಕೆ ಎರಡು ಬಾರಿ ಭರತ ಏರಿ ಇಳಿಯುತ್ತದೆ. ಮಳೆಗಾಲದಲ್ಲಿ ಘಟ್ಟದ ನೀರೂ ಲಿಂಗನಮಕ್ಕಿಯಿಂದ ಬಿಟ್ಟ ನೀರೂ ಒಟ್ಟಿಗೆ ಬರುತ್ತದೆ. ಮೇಲೆ ಹೂಳು, ಅದರ ಕೆಳಗೆ ಎಷ್ಟೋ ಆಳದಲ್ಲಿ ಗಟ್ಟಿ ನೆಲ. ಗಾಳಿಯಲ್ಲೇ ಉಪ್ಪು ಇರುವುದರಿಂದ ಕಾಂಕ್ರೀಟಿನೊಳಗಿನ ಕಬ್ಬಿಣವೂ ತುಕ್ಕು ಹಿಡಿಯುತ್ತದೆ. ಇಲ್ಲಿ ಕಳಪೆ ಕೆಲಸ ಮಾಡಿದರೆ ತಕ್ಷಣ ಯಾರಿಗೂ ತಿಳಿಯುವುದಿಲ್ಲ, ಇಪ್ಪತ್ತು ವರ್ಷದ ಮೇಲೆ ತಿಳಿಯುತ್ತದೆ. ಯಾರೂ ನೋಡದ ನೀರಿನಡಿಯ ಕಾಂಕ್ರೀಟನ್ನು ಸರಿಯಾಗಿ ಹಾಕುವವರೊಳಗೆ ಏನೋ ಒಂದು ಇರಬೇಕು. ಅದನ್ನೇ ನಾನು ಈ ಉಪನ್ಯಾಸದಲ್ಲಿ ನಂಬಿಕೆ ಎಂದು ಕರೆಯುತ್ತಿದ್ದೇನೆ.

ಶ್ರೀಧರನ್ ದೈವಭಕ್ತರು. ಬೆಳಗಿನ ಜಾವ ಎದ್ದು ಧ್ಯಾನ, ಯೋಗ, ಭಾಗವತ ಪಾರಾಯಣ ಅವರ ದಿನಚರಿ ಎಂದು ಹಲವು ಸಂದರ್ಶನಗಳಲ್ಲಿ ಬಂದಿದೆ. ಗೀತೆ ಪೂಜೆಯ ಕೋಣೆಗೆ ಸೀಮಿತವಾದ ಗ್ರಂಥವಲ್ಲ, ಆಡಳಿತ ನಡೆಸುವವರಿಗೂ ದಾರಿ ತೋರಿಸುವಂಥದು ಎಂಬುದು ಅವರು ಮತ್ತೆ ಮತ್ತೆ ಹೇಳಿರುವ ಮಾತಿನ ಸಾರ. ಇಂಥ ಮಾತು ಹೇಳುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅದು ನಡತೆಯಲ್ಲಿ ಎಲ್ಲಿ ಕಂಡಿತು ಎಂದು ಹುಡುಕುವುದು ಮುಖ್ಯ. ನನಗೆ ಅದು ಮೂರು ಕಡೆ ಕಾಣುತ್ತದೆ: ನೆಲ ಕಳೆದುಕೊಂಡವರ ಜತೆ ನಡೆದುಕೊಂಡ ರೀತಿಯಲ್ಲಿ, ಸಮಯ ಮತ್ತು ಹಣದ ವಿಷಯದಲ್ಲಿ, ಸಾವು ಸಂಭವಿಸಿದಾಗ ಹೊಣೆ ಹೊತ್ತುದರಲ್ಲಿ.

ನೆಲದಿಂದ ಆರಂಭಿಸುತ್ತೇನೆ, ಅದು ನಮ್ಮದೇ ಕತೆ. ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ ಹಳಿ ಹಾಕಲು ನಲವತ್ತೆರಡು ಸಾವಿರಕ್ಕೂ ಹೆಚ್ಚು ಭೂಮಾಲೀಕರಿಂದ ಜಾಗ ಪಡೆಯಬೇಕಾಯಿತು. ಸಂಖ್ಯೆಯನ್ನು ನೋಡಿದರೇ ತುಂಡು ಎಷ್ಟು ಚಿಕ್ಕದು ಎಂದು ತಿಳಿಯುತ್ತದೆ. ಬಯಲುಸೀಮೆಯ ಎಕರೆಗಳಲ್ಲ ಇವು. ಹತ್ತು ಗುಂಟೆ ಗದ್ದೆ, ಒಂದು ಸಾಲು ತೆಂಗು, ಅಡಿಕೆ ತೋಟದ ಅಂಚು, ಅಘನಾಶಿನಿಯ ಪಕ್ಕದ ಗಜನಿ. ಮತ್ತು ನಮ್ಮ ನೆಲ ಬರೀ ನೆಲವಲ್ಲ. ಪ್ರತಿ ಹಿತ್ತಿಲಿನ ಮೂಲೆಯಲ್ಲಿ ಒಂದು ಚೌಡಿ, ಹೊಲದ ಬದುವಿನಲ್ಲಿ ಒಂದು ಜಟಗ, ಹುತ್ತದ ಬಳಿ ನಾಗ, ಮರದಡಿ ಮಾಸ್ತಿಕಲ್ಲು ಇರುತ್ತದೆ. ಭಟ್ಕಳದ ಕಡೆ ಹೋದರೆ ಹಳೆಯ ಖಬರಸ್ತಾನ, ಹೊನ್ನಾವರದ ಕಡೆ ತಿರುವಿನಲ್ಲೊಂದು ಶಿಲುಬೆ. ಸರ್ವೆಯವರು ಗೂಟ ಹೊಡೆದರೆ ಅದು ಯಾರದೋ ನಂಬಿಕೆಯ ಮೇಲೆಯೇ ಬೀಳುತ್ತದೆ. ನಕ್ಷೆಯಲ್ಲಿ ಇದಾವುದೂ ಇರುವುದಿಲ್ಲ. ಮನೆಯ ಜಗಲಿಯಲ್ಲಿ ಕೂತು ಅಜ್ಜಿಯ ಜತೆ ಮಾತನಾಡಿದರೆ ಮಾತ್ರ ಗೊತ್ತಾಗುತ್ತದೆ.

ಕೊಂಕಣ ರೈಲ್ವೆ ಆ ಕೆಲಸವನ್ನು ದೊಡ್ಡ ಕಚೇರಿಯ ಗುಮಾಸ್ತರಿಗೆ ಬಿಡಲಿಲ್ಲ. ಇಡೀ ದಾರಿಯನ್ನು ಸುಮಾರು ನೂರು ಕಿಲೋಮೀಟರಿನ ಏಳು ಭಾಗ ಮಾಡಿದರು, ಒಂದೊಂದಕ್ಕೆ ಒಬ್ಬ ಮುಖ್ಯ ಎಂಜಿನಿಯರ್. ಕಾರವಾರಕ್ಕೊಂದು, ಉಡುಪಿಗೊಂದು ಕೇಂದ್ರ. ತೀರ್ಮಾನ ಮಾಡುವ ಅಧಿಕಾರವನ್ನೂ ಅಲ್ಲಿಗೇ ಕೊಟ್ಟರು. ಆಗತಾನೆ ಓದು ಮುಗಿಸಿದ ಹುಡುಗರನ್ನು ಕೆಲಸಕ್ಕೆ ತೆಗೆದುಕೊಂಡು ಮೋಟಾರ್ ಸೈಕಲ್ ಕೊಟ್ಟು ಗುಡ್ಡ ಹತ್ತಿಸಿದರು. ಭೂಮಿ ಕೊಟ್ಟವರ ಮನೆಗೆ ಎಂಜಿನಿಯರುಗಳೇ ಹೋಗಿ ಮಾತನಾಡಿದರು. ಬಹುಪಾಲು ಜಾಗ ಒಂದು ವರ್ಷದೊಳಗೆ ಸಿಕ್ಕಿತು. ನಮ್ಮ ದೇಶದಲ್ಲಿ ಭೂಸ್ವಾಧೀನದ ಕಡತ ಎಷ್ಟು ಕಾಲ ಎಳೆಯುತ್ತದೆ ಎಂದು ಬಲ್ಲವರಿಗೆ ಇದರ ಬೆಲೆ ಗೊತ್ತು. ಎಲ್ಲ ಕಡೆ ಹೀಗೇ ಸುಗಮವಾಯಿತು ಎಂದು ನಾನು ಹೇಳುವುದಿಲ್ಲ. ಗೋವಾದಲ್ಲಿ ದಾರಿಯ ಬಗ್ಗೆ ದೊಡ್ಡ ಚಳವಳಿಯೇ ನಡೆಯಿತು, ವಿಚಾರಣಾ ಆಯೋಗ ಕೂತಿತು, ಕೆಲಸ ನಿಂತಿತು. ಅಲ್ಲಿನವರ ಆತಂಕ ಸುಳ್ಳಲ್ಲ. ಹಳೆಯ ಊರುಗಳು, ಖಾಜನ್ ಗದ್ದೆಗಳು ಅವರ ಪಾಲಿಗೆ ನಮ್ಮ ಗಜನಿಯ ಹಾಗೆಯೇ. ನಮ್ಮಲ್ಲೂ ಗದ್ದೆ ಎರಡು ಹೋಳಾದವರು, ಮಳೆನೀರಿನ ಹರಿವು ಬದಲಾಗಿ ಕಷ್ಟಪಟ್ಟವರು ಇದ್ದಾರೆ. ಅವರು ಕೊಟ್ಟ ನೆಲದ ಮೇಲೆ ನಾವು ಪ್ರಯಾಣ ಮಾಡುತ್ತಿದ್ದೇವೆ.

ಎರಡನೆಯದು ಸಮಯ. ಕಾಮಗಾರಿಯ ಜಾಗಗಳಲ್ಲಿ ಶ್ರೀಧರನ್ ಹಿಮ್ಮುಖವಾಗಿ ಎಣಿಸುವ ಗಡಿಯಾರ ಇಡಿಸಿದರು. ಇನ್ನು ಇಷ್ಟು ದಿನ ಬಾಕಿ ಎಂದು ಅದು ತೋರಿಸುತ್ತಿತ್ತು. ಇದನ್ನು ಆಡಳಿತ ಶಾಸ್ತ್ರದವರು ಒಂದು ಉಪಾಯವೆಂದು ಪಾಠ ಮಾಡುತ್ತಾರೆ. ನನಗೆ ಅದರ ಹಿಂದೆ ಒಂದು ನೀತಿ ಕಾಣುತ್ತದೆ. ಈ ರೈಲಿಗೆ ಕೇಂದ್ರ ಬಜೆಟ್ಟಿನ ಹಣ ಸಾಕಷ್ಟು ಇರಲಿಲ್ಲ. ರೈಲ್ವೆ 51, ಮಹಾರಾಷ್ಟ್ರ 22, ಕರ್ನಾಟಕ 15, ಗೋವಾ ಮತ್ತು ಕೇರಳ ತಲಾ 6 ಶೇಕಡಾ ಬಂಡವಾಳ ಹಾಕಿದವು. ಉಳಿದದ್ದನ್ನು ಬಾಂಡುಗಳ ಮೂಲಕ ಸಾಲವಾಗಿ ಎತ್ತಬೇಕಾಯಿತು. ಸಾಲದ ಹಣಕ್ಕೆ ಬಡ್ಡಿ ಏರುತ್ತದೆ, ಒಂದು ದಿನ ತಡವಾದರೆ ಆ ದಿನದ ಬಡ್ಡಿ ಜನರ ಮೇಲೆ ಬೀಳುತ್ತದೆ. ಇನ್ನೊಬ್ಬರ ಹಣವನ್ನು ಕೈಯಲ್ಲಿ ಹಿಡಿದುಕೊಂಡು ಸಮಯ ಕಳೆಯುವುದು ಅವರ ಲೆಕ್ಕದಲ್ಲಿ ಅಪ್ರಾಮಾಣಿಕತೆ. ಕಂತ್ರಾಟುದಾರರ ಬಿಲ್ಲನ್ನು ಕಡತದಲ್ಲಿ ಮಲಗಿಸಬಾರದು, ಬಹುಪಾಲು ಹಣ ಕೂಡಲೇ ಕೈಸೇರಬೇಕು ಎಂಬ ಅವರ ಪದ್ಧತಿಯೂ ಇದೇ ನೀತಿಯದು. ಬಿಲ್ಲು ನಿಂತರೆ ಕೂಲಿ ನಿಲ್ಲುತ್ತದೆ, ಕೂಲಿ ನಿಂತರೆ ಯಾರದೋ ಮನೆಯ ಒಲೆ ಉರಿಯುವುದಿಲ್ಲ. ಸರ್ಕಾರಿ ಕಾಮಗಾರಿ ಮಾಡಿದ ನಮ್ಮೂರ ಸಣ್ಣ ಗುತ್ತಿಗೆದಾರರು ಈ ಮಾತಿಗೆ ತಲೆಯಾಡಿಸುತ್ತಿರುವುದನ್ನು ನಾನು ಇಲ್ಲಿಂದಲೇ ನೋಡುತ್ತಿದ್ದೇನೆ.

ಐದು ವರ್ಷ ಎಂದು ಆರಂಭವಾದ ಕೆಲಸ ಏಳು ವರ್ಷ ದಾಟಿತು ಎಂಬುದನ್ನೂ ಹೇಳಬೇಕು. ಕಾರಣ ಹೆಚ್ಚಾಗಿ ಮಣ್ಣು. ತೊಂಬತ್ತೊಂದು ಸುರಂಗಗಳಲ್ಲಿ ಹೆಚ್ಚಿನವು ಬಂಡೆಯಲ್ಲಿ ಕೊರೆದವು. ಅದಕ್ಕೆ ಯಂತ್ರ ಇತ್ತು, ರತ್ನಗಿರಿಯ ಬಳಿ ಕರ್ಬುಡೆಯಲ್ಲಿ ಆರೂವರೆ ಕಿಲೋಮೀಟರ್ ಕೊರೆದರು. ಕಾರವಾರದ ಗುಡ್ಡದಲ್ಲಿ ಸುಮಾರು ಮೂರು ಕಿಲೋಮೀಟರ್. ಆದರೆ ಒಂಬತ್ತು ಸುರಂಗಗಳು ಮೆತ್ತನೆಯ ಮಣ್ಣಿನಲ್ಲಿ ಬಂದವು. ನಮ್ಮ ಬಾವಿ ತೋಡುವವರಿಗೆ ಇದು ಗೊತ್ತು: ಮೇಲೆ ಗಟ್ಟಿ ಚಿರೆಕಲ್ಲು, ಅದರ ಕೆಳಗೆ ನೀರು ಕುಡಿದು ಬೆಣ್ಣೆಯಂತಾದ ಜೇಡಿ. ಅಲ್ಲಿ ಯಂತ್ರ ಕೆಲಸಕ್ಕೆ ಬರಲಿಲ್ಲ, ಕೈಯಿಂದ ಅಗೆಯಬೇಕಾಯಿತು. ಅಗೆದಷ್ಟೂ ಕುಸಿಯಿತು. ಗೋವಾದ ಪೆರ್ನೆಮ್ ಸುರಂಗವೊಂದೇ ವರ್ಷಗಟ್ಟಲೆ ಸಮಯ ತಿಂದಿತು. 1993ರ ಮಾರ್ಚ್‌ನಲ್ಲಿಯೇ ಮಂಗಳೂರು–ಉಡುಪಿ ನಡುವೆ ರೈಲು ಓಡಿತ್ತು. ಇಡೀ ದಾರಿ ಕೂಡಿದ್ದು 1998ರ ಜನವರಿ 26ರಂದು. ಮೆತ್ತನೆಯ ಮಣ್ಣಿನ ಸುರಂಗಗಳಲ್ಲೇ ಹತ್ತೊಂಬತ್ತು ಜನ ಸತ್ತರು. ಇಡೀ ಕಾಮಗಾರಿಯಲ್ಲಿ ಸತ್ತವರು ಎಪ್ಪತ್ತಕ್ಕೂ ಹೆಚ್ಚು. ರತ್ನಗಿರಿಯಲ್ಲಿ ಅವರಿಗಾಗಿ ಸ್ಮಾರಕ ಇದೆ.

ಹಳಿ ಹಾಕಿದ ಮೇಲೂ ಗುಡ್ಡ ಸುಮ್ಮನಾಗಲಿಲ್ಲ. 2003ರ ಜೂನ್‌ನಲ್ಲಿ ವೈಭವವಾಡಿ ಬಳಿ ಒಂದು ರೈಲು ಬಿತ್ತು. ಮಾರನೆಯ ವರ್ಷ ಅದೇ ಜೂನ್‌ನಲ್ಲಿ ಕರಂಜಾಡಿ ಬಳಿ ಮಂಗಳೂರಿನಿಂದ ಹೊರಟಿದ್ದ ಮತ್ಸ್ಯಗಂಧಾ ಬಿತ್ತು. ಎರಡಕ್ಕೂ ಮಳೆಯಲ್ಲಿ ಜಾರಿದ ಕಲ್ಲುಮಣ್ಣು ಕಾರಣ. ಮತ್ಸ್ಯಗಂಧಾ ನಮ್ಮ ಊರುಗಳ ಮೇಲೆ ಹಾದುಹೋಗುವ ರೈಲು. ಆಮೇಲೆ ಕಡಿದಾದ ಇಳಿಜಾರುಗಳನ್ನು ತಗ್ಗಿಸಿದರು, ಬಂಡೆಗಳಿಗೆ ಬಲೆ ಹಾಕಿದರು, ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿ ಮಾಡಿ ವೇಗ ಇಳಿಸಿದರು. ಇಂದಿಗೂ ಸುರಿಯುವ ಮಳೆಯಲ್ಲಿ ರಾತ್ರಿಯೆಲ್ಲ ಟಾರ್ಚು ಹಿಡಿದು ಹಳಿಗುಂಟ ನಡೆಯುವ ಗಸ್ತಿನವರು ಇದ್ದಾರೆ. ಅವರಲ್ಲಿ ಎಷ್ಟೋ ಜನ ನಮ್ಮವರೇ. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಗಂಗಾವಳಿಗೆ ಜಾರಿ ಹಲವರು ಜೀವ ಕಳೆದುಕೊಂಡರಲ್ಲ, ಅದನ್ನು ನೋಡಿದ ಮೇಲೂ ಗುಡ್ಡ ಕಡಿಯುವುದನ್ನು ನಾವು ಬರೀ ಜೆಸಿಬಿಯ ಕೆಲಸ ಎಂದುಕೊಂಡರೆ ಅದು ಅಕ್ಷಮ್ಯ. ಈ ಸಭೆಯಲ್ಲಿರುವ ಸಿವಿಲ್ ವಿದ್ಯಾರ್ಥಿಗಳಿಗೆ ನಾನು ಒತ್ತಿ ಹೇಳುತ್ತೇನೆ: ನಿಮ್ಮ ಪಠ್ಯದಲ್ಲಿ ಮಣ್ಣಿನ ಪಾಠ ಎಷ್ಟು ಅಂಕದ್ದೇ ಇರಲಿ, ಈ ಜಿಲ್ಲೆಯಲ್ಲಿ ಅದೇ ಮೊದಲ ಪಾಠ.

ಮೂರನೆಯದು ಹೊಣೆ. ಇದಕ್ಕೆ ನಾನು ದೆಹಲಿಗೆ ಹೋಗಬೇಕು. 1997ರಲ್ಲಿ ಶ್ರೀಧರನ್ ದೆಹಲಿ ಮೆಟ್ರೋದ ಹೊಣೆ ಹೊತ್ತರು. 2009ರ ಜುಲೈ 12ರಂದು ಝಮ್ರುದ್‌ಪುರದಲ್ಲಿ ಕಟ್ಟುತ್ತಿದ್ದ ಮೇಲ್ಸೇತುವೆಯ ಭಾಗ ಕುಸಿದು ಕೆಲಸಗಾರರು ಸತ್ತರು. ಅದೇ ದಿನ ಶ್ರೀಧರನ್ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಆ ಭಾಗ ಅವರು ಕೈಯಾರೆ ಕಟ್ಟಿದ್ದಲ್ಲ, ವಿನ್ಯಾಸ ಅವರದಲ್ಲ, ತನಿಖೆ ಆಗಿರಲಿಲ್ಲ, ವಯಸ್ಸು ಎಪ್ಪತ್ತೇಳು. ಸರ್ಕಾರ ರಾಜೀನಾಮೆಯನ್ನು ಒಪ್ಪಲಿಲ್ಲ, ಅವರು ಮತ್ತೆ ಕೆಲಸಕ್ಕೆ ಮರಳಿದರು. ಪದವಿಯನ್ನು ಅಂಟಿಕೊಳ್ಳದೆ ಹಿಡಿದವರು ಮಾತ್ರ ಹೀಗೆ ಒಂದು ಸಂಜೆಯಲ್ಲಿ ಬಿಡಬಲ್ಲರು. ಮೇಲಿನವರು ಕೆಳಗಿನವರ ಮೇಲೆ, ಕೆಳಗಿನವರು ಮೇಸ್ತ್ರಿಯ ಮೇಲೆ ತಪ್ಪು ಹಾಕುವುದನ್ನೇ ಕಂಡ ನಮಗೆ ಆ ಸಂಜೆ ಒಂದು ಪಾರಾಯಣಕ್ಕೆ ಸಮ.

ಇನ್ನು ಮನೆಯ ಮಾತು. ವಿಶ್ವೇಶ್ವರಯ್ಯನವರ ಬಗ್ಗೆ ಓದುವಾಗ ನಮಗೆ ಕಾಣುವುದು ಒಂಟಿ ಋಷಿಯ ಬದುಕು. ಕೆಲಸವೇ ಅವರ ಮನೆ. ಆ ಆದರ್ಶ ಎಷ್ಟು ದೊಡ್ಡದೋ ಅಷ್ಟೇ ಕಠಿಣ. ನಮ್ಮ ಎಂಜಿನಿಯರಿಂಗ್ ಲೋಕ ಅದರಿಂದ ಒಂದು ತಪ್ಪು ಪಾಠ ಕಲಿತಿದೆ ಎಂದು ನನಗೆ ಅನ್ನಿಸುತ್ತದೆ: ಮನೆಯನ್ನು ಮರೆತವರೇ ಒಳ್ಳೆಯ ಕೆಲಸಗಾರರು ಎಂದು. ಶ್ರೀಧರನ್ ಬೇರೆ ದಾರಿ ತೋರಿಸಿದರು. ಸರಿಯಾದ ಸಮಯಕ್ಕೆ ಕಚೇರಿಗೆ ಬಂದು, ಸಂಜೆ ಸರಿಯಾದ ಸಮಯಕ್ಕೆ ಹೊರಡುವುದು, ಕಡತವನ್ನು ಮನೆಗೆ ಒಯ್ಯದಿರುವುದು, ಸಂಜೆ ಪತ್ನಿಯ ಜತೆ ನಡೆದಾಡುವುದು, ಮಕ್ಕಳು ಮೊಮ್ಮಕ್ಕಳ ಜತೆ ಇರುವುದು ಅವರ ನಿಯಮವಾಗಿತ್ತು. ರಾತ್ರಿ ಹತ್ತರವರೆಗೆ ದೀಪ ಉರಿಸಿಕೊಂಡು ಕೂರುವುದನ್ನು ಅವರು ಶ್ರದ್ಧೆ ಎಂದು ಎಣಿಸಲಿಲ್ಲ. ಹಗಲಿನಲ್ಲಿ ತೀರ್ಮಾನ ತೆಗೆದುಕೊಳ್ಳದವರು ರಾತ್ರಿ ಕೂರಬೇಕಾಗುತ್ತದೆ. ನಾಲ್ಕು ಮಕ್ಕಳ ಸಂಸಾರವನ್ನು ಊರಿಂದೂರಿಗೆ ಕಟ್ಟಿಕೊಂಡು ಅಲೆದ ರೈಲ್ವೆ ಅಧಿಕಾರಿಗೆ ಇದು ಹೇಳಿದಷ್ಟು ಸುಲಭವಾಗಿರಲಿಕ್ಕಿಲ್ಲ. 2011ರ ಕೊನೆಗೆ ದೆಹಲಿ ಬಿಟ್ಟು ಪೊನ್ನಾನಿಯ ಮನೆಗೆ ಮರಳಿದಾಗ ಅವರಿಗೆ ಎಪ್ಪತ್ತೊಂಬತ್ತು. ಪದ್ಮವಿಭೂಷಣವೂ ಫ್ರಾನ್ಸಿನ ದೊಡ್ಡ ಗೌರವವೂ ಅಷ್ಟರಲ್ಲಿ ಬಂದಿದ್ದವು. 2021ರಲ್ಲಿ ರಾಜಕೀಯಕ್ಕೆ ಇಳಿದು ಪಾಲಕ್ಕಾಡಿನಲ್ಲಿ ಚುನಾವಣೆ ಸೋತರು. ಅದರ ಬಗ್ಗೆ ಇಲ್ಲಿರುವವರಲ್ಲಿ ಬೇರೆ ಬೇರೆ ಅಭಿಪ್ರಾಯ ಇರಬಹುದು. ಇಂದಿನ ನನ್ನ ವಿಷಯ ಅವರ ಎಂಜಿನಿಯರಿಂಗ್ ಬದುಕು ಮಾತ್ರ.

ಈ ಮನೆಯ ಮಾತು ನಮ್ಮ ಮೂರು ತಾಲ್ಲೂಕುಗಳಿಗೆ ತೀರ ಹತ್ತಿರದ್ದು. ಭಟ್ಕಳದಲ್ಲಿ 1919ರಲ್ಲಿ ಹುಟ್ಟಿದ ಅಂಜುಮನ್ ಸಂಸ್ಥೆ 1980ರಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ಈ ಜಿಲ್ಲೆಯ ಹುಡುಗರು ಮನೆಯ ಊಟ ಉಂಡು ಎಂಜಿನಿಯರಾಗುವ ಅವಕಾಶ ಅದರಿಂದ ಬಂತು. ಅಲ್ಲಿ ಕಲಿತವರೂ ಬೇರೆಡೆ ಕಲಿತ ನಮ್ಮವರೂ ದುಬೈ, ದಮ್ಮಾಮ್, ದೋಹಾಗಳಿಗೆ ಹೋಗಿ ಮರಳುಗಾಡಿನಲ್ಲಿ ಕಟ್ಟಡ, ರಸ್ತೆ, ಚರಂಡಿ ಕಟ್ಟಿದರು. ಅವರು ಕಳಿಸಿದ ಹಣದಿಂದ ತಂಗಿಯರ ಮದುವೆಯಾಯಿತು, ತಮ್ಮಂದಿರು ಓದಿದರು, ಮಸೀದಿಗೆ, ಮದರಸಾಕ್ಕೆ, ಶಾಲೆಗೆ ಗೋಡೆ ಎದ್ದಿತು. ಸುಡುಬಿಸಿಲಿನ ಸೈಟಿನಲ್ಲಿ ಹೊತ್ತಿಗೆ ಸರಿಯಾಗಿ ನಮಾಜಿಗೆ ನಿಂತು, ಮತ್ತೆ ಹೆಲ್ಮೆಟ್ ಹಾಕಿಕೊಂಡು ಕಾಂಕ್ರೀಟಿನ ಮುಂದೆ ನಿಂತ ಆ ಮೌನದ ಬದುಕುಗಳನ್ನು ಯಾವ ಪತ್ರಿಕೆಯೂ ಬರೆಯಲಿಲ್ಲ. ಕುಮಟಾದ, ಹೊನ್ನಾವರದ ಹವ್ಯಕ, ನಾಮಧಾರಿ, ಹಾಲಕ್ಕಿ, ಕ್ರೈಸ್ತ ಮನೆಗಳ ಎಂಜಿನಿಯರುಗಳೂ ಬೆಂಗಳೂರು, ಪುಣೆಗಳ ಸೈಟುಗಳಲ್ಲಿ ಇದ್ದು ಚೌತಿಗೋ ಕ್ರಿಸ್ಮಸ್ಸಿಗೋ ಊರಿಗೆ ಬರುತ್ತಾರೆ. ಮಗು ನಡೆಯಲು ಕಲಿತದ್ದನ್ನು ಫೋನಿನಲ್ಲಿ ನೋಡಿದವರು ಇವರು. ದೂರ ಇದ್ದುದು ಅವರ ತಪ್ಪಲ್ಲ, ಈ ನೆಲದಲ್ಲಿ ಕೆಲಸ ಇಲ್ಲದ್ದು ಕಾರಣ. ಸಂಸಾರಕ್ಕಾಗಿಯೇ ಸಂಸಾರದಿಂದ ದೂರ ಇದ್ದವರನ್ನೂ ನಾನು ಕುಟುಂಬನಿಷ್ಠರೆಂದೇ ಕರೆಯುತ್ತೇನೆ. ಅವರ ಹೆಂಡತಿಯರು ಇಲ್ಲಿ ಒಬ್ಬರೇ ನಿಂತು ಮನೆ ನಡೆಸಿದ್ದು ಆ ನಿಷ್ಠೆಯ ಅರ್ಧಕ್ಕಿಂತ ಹೆಚ್ಚು ಪಾಲು.

ನಮ್ಮ ನೆಲದವರೇ ಆದ ಇನ್ನೊಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. ಭಟ್ಕಳ ತಾಲ್ಲೂಕಿನ ಮುರುಡೇಶ್ವರದಲ್ಲಿ 1928ರಲ್ಲಿ ಹುಟ್ಟಿದ ಆರ್. ಎನ್. ಶೆಟ್ಟರು ಎಂಜಿನಿಯರಿಂಗ್ ಪದವಿ ಪಡೆದವರಲ್ಲ. ಪ್ರೌಢಶಾಲೆ ಮುಗಿಸಿ ಶಿರಸಿಯಲ್ಲಿ ಸಣ್ಣ ಗುತ್ತಿಗೆಗಳಿಂದ ಆರಂಭಿಸಿದರು. 1961ರಲ್ಲಿ ಸ್ವಂತ ಕಂಪನಿ ಕಟ್ಟಿದರು. ಆಮೇಲೆ ಹಿಡಕಲ್, ಸೂಪಾ, ತಟ್ಟಿಹಳ್ಳ, ಗೇರುಸೊಪ್ಪೆಯ ಅಣೆಕಟ್ಟುಗಳಲ್ಲಿ, ಕೊಂಕಣ ರೈಲಿನ ಸುರಂಗಗಳಲ್ಲಿ ಅವರ ಕಂಪನಿ ದುಡಿಯಿತು. ದುಡಿದದ್ದನ್ನು ತಂದು ಊರ ದೇವರ ಮುಂದೆ ಸುರಿದರು. ಇಪ್ಪತ್ತು ಅಂತಸ್ತಿನ ಗೋಪುರ, 123 ಅಡಿಯ ಶಿವ, ಆಸ್ಪತ್ರೆ, ಶಾಲೆ, ಪಾಲಿಟೆಕ್ನಿಕ್ ಎಲ್ಲ ಆ ಕಡಲತೀರಕ್ಕೆ ಬಂದವು. 2020ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಮುರುಡೇಶ್ವರದ ಹಳೆಯ ಚಿಕ್ಕ ಗುಡಿಯ ಶಾಂತಿಯನ್ನು ನೆನೆದು ಕೊರಗುವವರನ್ನು ನಾನು ಬಲ್ಲೆ, ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಹದಿನಾರನೆಯ ಶತಮಾನದಲ್ಲಿ ಭಟ್ಕಳದ ಖೇತಪೈ ತನ್ನ ವ್ಯಾಪಾರದ ಹಣದಿಂದ ನಾರಾಯಣನಿಗೆ ಕಲ್ಲಿನ ಗುಡಿ ಕಟ್ಟಿದಾಗಲೂ ಇದೇ ಮನಸ್ಸು ಕೆಲಸ ಮಾಡಿರಬೇಕು. ಗಳಿಸಿದವರು ಹುಟ್ಟಿದ ಊರಿಗೆ ಏನನ್ನೋ ಕಟ್ಟಿಕೊಡುವ ಪದ್ಧತಿ ಈ ಕರಾವಳಿಯಲ್ಲಿ ಹಳೆಯದು. ಶೆಟ್ಟರ ನಂಬಿಕೆ ಮೈಲು ದೂರದಿಂದ ಕಾಣುತ್ತದೆ. ಶ್ರೀಧರನ್ ಅವರದು ಎಲ್ಲೂ ಕಾಣುವುದಿಲ್ಲ, ಕಂಬಗಳು ನೀರಿನೊಳಗೆ ಇವೆ. ಮುರುಡೇಶ್ವರಕ್ಕೆ ಬರುವ ಭಕ್ತರಲ್ಲಿ ಎಷ್ಟೋ ಜನ ಈಗ ರೈಲಿನಲ್ಲೇ ಬಂದು ಇಳಿಯುತ್ತಾರೆ.

ಆ ಹಳಿಯ ಮೇಲೆ 1999ರಿಂದ ಲಾರಿಗಳನ್ನೇ ಹೊತ್ತ ರೈಲು ಓಡುತ್ತಿದೆ. 2022ಕ್ಕೆ ಇಡೀ ದಾರಿಗೆ ವಿದ್ಯುತ್ ಬಂತು. ಹುಬ್ಬಳ್ಳಿ–ಅಂಕೋಲಾ ಹಳಿ ಮಾತ್ರ ದಶಕಗಳಿಂದ ಕಾಡು ಮತ್ತು ಕಡತಗಳ ನಡುವೆ ನಿಂತಿದೆ. ಅದು ಆಗಬೇಕೇ ಬೇಡವೇ ಎಂಬುದು ದೊಡ್ಡ ಚರ್ಚೆ, ಇಲ್ಲಿ ಎತ್ತುವುದಿಲ್ಲ. ಆಗುವುದಾದರೆ ಮೊದಲು ಮನೆಮನೆಗೆ ಹೋಗಿ ಮಾತನಾಡುವ, ಘಟ್ಟದ ಮಣ್ಣನ್ನು ಕೈಯಲ್ಲಿ ಹಿಡಿದು ನೋಡುವ ಎಂಜಿನಿಯರುಗಳಿಂದ ಆಗಲಿ.

ಕೊನೆಗೆ ಈ ದತ್ತಿಯ ಸಮಿತಿಗೆ ಒಂದು ವಿನಂತಿ. ಶರಾವತಿಯ ಸೇತುವೆಗೆ ದುಡಿದ, ಕುಮಟಾದಿಂದ ಭಟ್ಕಳದವರೆಗೆ ಹಳಿಗಾಗಿ ನೆಲ ಕೊಟ್ಟ ಜನ ಈಗ ಅರವತ್ತು, ಎಪ್ಪತ್ತು ದಾಟಿದ್ದಾರೆ. ದೋಣಿಯಲ್ಲಿ ಸಿಮೆಂಟು ಸಾಗಿಸಿದವರು, ಕಾರ್ಮಿಕರಿಗೆ ಅನ್ನ ಬೇಯಿಸಿ ಹಾಕಿದ ಹೆಂಗಸರು, ಸರ್ವೆಯ ಹುಡುಗರಿಗೆ ಮನೆಯಲ್ಲಿ ಜಾಗ ಕೊಟ್ಟವರು ಇವರಲ್ಲಿ ಸಿಗುತ್ತಾರೆ. ಅವರ ಮಾತನ್ನು ಅವರ ಭಾಷೆಯಲ್ಲೇ ದಾಖಲಿಸುವ ಕೆಲಸವನ್ನು ನಮ್ಮ ಕಾಲೇಜುಗಳ ಇತಿಹಾಸ ಮತ್ತು ಸಿವಿಲ್ ವಿದ್ಯಾರ್ಥಿಗಳು ಜೋಡಿಯಾಗಿ ಮಾಡಲಿ. ಒಬ್ಬರು ಮಾತು ಬರೆದುಕೊಳ್ಳಲಿ, ಇನ್ನೊಬ್ಬರು ಆ ಜಾಗದ ನಕ್ಷೆ ಬರೆಯಲಿ. ಚೌಡಿಯ ಕಲ್ಲು ಮೊದಲು ಎಲ್ಲಿತ್ತು, ಈಗ ಎಲ್ಲಿದೆ, ನೀರು ಆಗ ಹೇಗೆ ಹರಿಯುತ್ತಿತ್ತು ಎಂಬುದೂ ಅದರಲ್ಲಿ ಬರಲಿ. ದತ್ತಿಯ ಬಡ್ಡಿಯಲ್ಲಿ ಒಂದು ಪಾಲನ್ನು ಇದಕ್ಕೆ ಮೀಸಲಿಟ್ಟರೆ ಸಾಕು, ಬಸ್ಸಿನ ಖರ್ಚಿಗೂ ಒಂದು ರೆಕಾರ್ಡರಿಗೂ ಆಗುತ್ತದೆ. ನನಗೆ ಕೊಡುವ ಗೌರವಧನವನ್ನು ಆ ಕೆಲಸಕ್ಕೆ ಮೊದಲ ಕಂತಾಗಿ ಇಟ್ಟುಕೊಳ್ಳಿ. ಈ ಮಳೆ ನಿಂತ ಕೂಡಲೇ, ಹೊನ್ನಾವರದಿಂದ ಮಂಕಿಯವರೆಗಿನ ಊರುಗಳಿಂದ ಶುರುಮಾಡಬಹುದು.